ಹಾಲಪ್ಪನ ಸೋಮವಾರ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಹೊಲ ಕಂಡವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲವು ಕೆಲಸಗಾರರು ಸೋಮವಾರ ಬಂತೆಂದರೆ ಅರ್ಧ ಪಾಳಿಗೇ ಎದ್ದು ಮನೆಗೆ ಹೋಗುತ್ತಾರೆ. ಯಾಕೆ? ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಮೊನ್ನೆ ಮೊನ್ನೆ ಹಳ್ಳಿ ಬಿಟ್ಟು ಬಂದವರು. ಎತ್ತು ಅಲ್ಲೇ ಉಳಿಯಿತು, ಎತ್ತಿನ ರಜೆ ಮಾತ್ರ ಜೊತೆಗೆ ಬಂತು. ಹಾಜರಿ ಲೆಕ್ಕವೂ ನನ್ನ ಪರವಾಗಿತ್ತು. ಮಿಕ್ಕ ದಿನ ಎಲ್ಲ ಸರಿ, ಸೋಮವಾರ ಮಾತ್ರ ಕಳ್ಳಾಟ. (ಕಾಲೇಜಿನ ಡಿಬೇಟಿನಲ್ಲಿ ಇಂಥ ಪಾಯಿಂಟ್ ಸಿಕ್ಕರೆ ಕಪ್ ನಮ್ಮದೇ.)

ಇದನ್ನು ಸುಶೀಲಾಬಾಯಿಯವರ ಮುಂದೆ ಹೇಳಿ ಬೀಗಿದೆ. ಅವರು ಧಾರವಾಡದವರು. ಗಿರಣಿ ಕೆಲಸಗಾರರ ಸಂಸಾರಗಳ ಬಗ್ಗೆ ಸಂಶೋಧನೆ ಮಾಡಲು ಬಂದು ಹರಿಹರದಲ್ಲಿ ತಂಗಿಯ ಮನೆಯಲ್ಲಿ ಇಳಿದಿದ್ದರು. ಅವರ ಜೊತೆ ಮನೆ ಮನೆ ತಿರುಗುವ ಕೆಲಸ ನನಗೆ ಸಿಕ್ಕಿತ್ತು. ಅವರ ಸಂಶೋಧನೆ ಎಂದರೆ ಏನು? ಕೂತು ಜನರ ಕಥೆ ಕೇಳುವುದು. ಇದು ಸಮಾಜಶಾಸ್ತ್ರವೋ ಕಟ್ಟೆ ಪುರಾಣವೋ ಎಂದು ಕೇಳಿಯೇಬಿಟ್ಟಿದ್ದೆ. ಅವರು ನಕ್ಕು ಮುಂದಿನ ಮನೆಯ ಕಡೆ ಹೊರಟಿದ್ದರು. ವಾದಕ್ಕೆ ನಿಲ್ಲದವರ ಜೊತೆ ವಾದಿಸುವುದು ಎಷ್ಟು ಕಷ್ಟ ಗೊತ್ತೇ?

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹಾಲಪ್ಪನ ಮನೆ. ಗಿರಣಿಯಲ್ಲಿ ಮೂಟೆ ಒಡೆದು ಹತ್ತಿ ಬಿಡಿಸುವ ಖಾತೆಯಲ್ಲಿ ಅವನಿಗೆ ಕೆಲಸ. ಇನ್ನೊಂದು ಸೋಮವಾರ ಹೀಗೆ ಎದ್ದುಹೋದರೆ ಮತ್ತೆ ಬರುವುದೇ ಬೇಡ ಎಂದು ಮೇಸ್ತ್ರಿ ಹೇಳಿಯಾಗಿತ್ತು. ಸಂಸಾರ ನಡೆಯುತ್ತಿದ್ದುದು ಅವನೊಬ್ಬನ ಪಗಾರದಲ್ಲಿ.

ಮೊದಲು ನಾನು ಕೇಳಿದೆ: ಆರೋಗ್ಯ ಹೇಗಿದೆ? "ಆರಾಮ್ ಅದೀನ್ರಿ" ಎಂದ. ಬರೆದುಕೊಂಡೆ. (ಜ್ವರದಲ್ಲಿ ನಡುಗುವವನೂ ನಮ್ಮಲ್ಲಿ ಬಾಗಿಲಿಗೆ ಬಂದವರಿಗೆ ಇದನ್ನೇ ಹೇಳುತ್ತಾನೆ. ಅದು ಮರ್ಯಾದೆ.) ಸೋಮವಾರ ಯಾಕೆ ಎದ್ದುಹೋಗುತ್ತೀ? ತಪ್ಪಾಯಿತು ಎಂದು ತಲೆ ತಗ್ಗಿಸಿದ. ಅಲ್ಲಿಗೆ ನನ್ನ ಪ್ರಶ್ನೆಗಳು ಮುಗಿದವು.

ಸುಶೀಲಾಬಾಯಿಯವರು ಚಾಪೆಯ ಮೇಲೆ ಕೂತರು. ಹಾಲಪ್ಪನ ಹೆಂಡತಿ ಗೌರಮ್ಮ ಮಂಡಕ್ಕಿ ತಂದಿಟ್ಟಳು. ಬಾಯಿಯವರು ಸೋಮವಾರದ ಸುದ್ದಿಯನ್ನೇ ಎತ್ತದೆ ಅವಳನ್ನು ಕೇಳಿದರು: ಭಾನುವಾರ ಏನು ಅಡಿಗೆ ಮಾಡಿದ್ದೆ, ಎಲ್ಲಿಗೆ ಹೋಗಿದ್ರಿ, ಆಮೇಲೆ? ಬೆಳಗಾದ ಮೇಲೆ?

ಗೌರಮ್ಮ ಗಂಡನನ್ನು ನೋಡಿ ನಕ್ಕಳು. "ನಮ್ಮ ಮನೆಯೋರಿಗೆ ರಜೆ ಆಗಿಬರಲ್ಲ ಅಕ್ಕಾರೆ. ಭಾನುವಾರ ಕುಂತು ಉಂಡ್ರೆ ಸೋಮವಾರ ಎದಿ ಮ್ಯಾಲೆ ಕಲ್ಲು ಇಟ್ಟಂಗಾಗ್ತೈತೆ. ಅವತ್ತು ರಾತ್ರಿ ಗ್ವಾಡಿಗೆ ಒರಗಿ ಕುಂತೇ ನಿದ್ದಿ. ಮಂಗಳವಾರ ಹೋಗಿ ದುಡಿದ್ರೆ ಹಗುರಾಗ್ತಾರೆ."

ಹಾಲಪ್ಪ ಆಗ ಬಾಯಿಬಿಟ್ಟ. "ನನ್ನ ಮೈಗಳ್ಳ ಅಂತಾರ್ರಿ. ಭಾನುವಾರನೂ ಕೆಲಸ ಕೊಡ್ರಿ ಅಂತ ಮೇಸ್ತ್ರಿ ಕಾಲು ಹಿಡಿದೋನು ನಾನು."

ರಜೆ ಬೇಡವೆಂದು ಕಾಲು ಹಿಡಿಯುವ ಮೈಗಳ್ಳನನ್ನು ನೀವು ಕಂಡಿದ್ದೀರಾ? ನನ್ನ ಎತ್ತು ಅಲ್ಲೇ ಮಲಗಿತು.

ಆದರೂ ಬಿಡುವ ಜಾತಿ ನನ್ನದಲ್ಲ. ದಾರಿಯಲ್ಲಿ ಕೇಳಿದೆ: ಒಂದು ಮನೆಯ ಕಥೆಯಿಂದ ಏನು ಸಾಬೀತಾಯಿತು? ಬಾಯಿಯವರು ಒಪ್ಪಿಕೊಂಡರು. "ಖರೇನ. ಒಂದು ಸಾಕಾಗಂಗಿಲ್ಲ. ನಡೀರಿ, ಇನ್ನೊಂದು ಕೇಳೋಣ."

ಹರಿಹರದಲ್ಲಿ ಒಬ್ಬ ಮುದುಕರು. ಹಿಂದೆ ಅದೇ ಖಾತೆಯಲ್ಲಿ ದುಡಿದವರು, ಹಾಲಪ್ಪನ ಮುಖ ಕಂಡವರಲ್ಲ. ಅವರಿಗೂ ಸೋಮವಾರವೇ ಉಸಿರು ಕಟ್ಟುತ್ತಿತ್ತು. ಭಾನುವಾರದ ಹೊಳೆಸ್ನಾನದ ತಣ್ಣೀರು ಎಂದುಕೊಂಡಿದ್ದರು. ದಾವಣಗೆರೆಯ ವಿನೋಬನಗರದಲ್ಲಿ ಇನ್ನೊಬ್ಬನ ಮನೆಯಲ್ಲಿ ಅದನ್ನು ದೃಷ್ಟಿ ಎಂದು ತಿಳಿದು ಭಾನುವಾರ ಸಂಜೆ ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಕಾರಣ ಒಬ್ಬೊಬ್ಬರದು ಒಂದೊಂದು. ವಾರ ಒಂದೇ, ಖಾತೆ ಒಂದೇ, ಎದೆಯ ಮೇಲಿನ ಕಲ್ಲೂ ಒಂದೇ.

ಹರಿಹರದ ಡಾಕ್ಟರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಹಾಲಪ್ಪನನ್ನು ಕರೆಸಿ ಎದೆ ನೋಡಿದರು. ಹತ್ತಿಯ ಧೂಳು ಎಂದರು. ಒಂದು ದಿನ ಬಿಟ್ಟು ಮತ್ತೆ ಒಳಗೆ ಹೋದಾಗಲೇ ಅದು ಹೆಚ್ಚು ಹಿಡಿಯುವುದಂತೆ.

ಅಂಕಿಗಳ ಮೇಲಿನ ನನ್ನ ಗೌರವವೇನೂ ಇಳಿದಿಲ್ಲ. ಸೋಮವಾರದ ಕಡೆ ಬೆರಳು ತೋರಿಸಿದ್ದು ಅವೇ. ಆದರೆ ಬೆರಳಿಗೆ ಬಾಯಿಲ್ಲವಲ್ಲ! ಆ ಜಾಗದಲ್ಲಿ ನನ್ನ ಬಾಯಿ ಇಟ್ಟು ಮಾತಾಡಿಸಿದ್ದೆ. ಸುಶೀಲಾಬಾಯಿ ಗೌರಮ್ಮನ ಬಾಯಿಗೆ ಜಾಗ ಕೊಟ್ಟರು. ಇದಕ್ಕಿಂತ ಕಟ್ಟುನಿಟ್ಟಾದ ಶಾಸ್ತ್ರ ಯಾವುದಿದೆ? ಕೇಳುವಾಗ ತನ್ನ ಉತ್ತರವನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರುವುದು ಸುಲಭವೇ? ನೀವೇ ಒಂದು ದಿನ ಪ್ರಯತ್ನಿಸಿ ನೋಡಿ.

ಡಾಕ್ಟರನ್ನು ಕರೆದುಕೊಂಡು ಬಾಯಿಯವರೇ ಗಿರಣಿಯ ಮ್ಯಾನೇಜರ ಬಳಿ ಹೋದರು. ಹಾಲಪ್ಪನ ಕೆಲಸ ಉಳಿಯಿತು. ಬಟ್ಟೆ ಮಡಚುವ ಕಡೆಗೆ ಹಾಕಿದ್ದಾರೆ. ಕಳೆದ ಸೋಮವಾರ ಪಾಳಿ ಮುಗಿಸಿಯೇ ಮನೆಗೆ ಬಂದನಂತೆ.

ಬಾಯಿಯವರು ಮೊನ್ನೆ ಧಾರವಾಡದ ರೈಲು ಹತ್ತಿದರು. ಹತ್ತಿ ಬಿಡಿಸುವಲ್ಲಿ ಹಾಲಪ್ಪನ ಜಾಗಕ್ಕೆ ಹಳ್ಳಿಯಿಂದ ಹೊಸಬನೊಬ್ಬ ಬಂದಿದ್ದಾನೆ. ಅವನನ್ನು ಯಾರು ಮಾತಾಡಿಸುತ್ತಾರೆ?