ಬೆಣ್ಣೆಗೈ

ಅಪ್ಪನ ಸಲೂನಿಗೆ ಬರುವವರೆಲ್ಲ ಹುಡುಗನನ್ನು ಬೆಣ್ಣೆಗೈ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಅಪ್ಪನ ಪಕ್ಕದ ಕುರ್ಚಿಯಲ್ಲಿ ಗಿರಾಕಿಗಳ ಗಡ್ಡ ಹೆರೆಯುವುದು, ಆಮೇಲೆ ಕಾಲೇಜು. ಅಪ್ಪ ಕಲಿಸಿದ್ದು ಒಂದೇ ಪಾಠ: ಬಲಗೈಯಲ್ಲಿ ಕತ್ತಿ ಹಿಡಿಯಲು ಯಾರಿಗಾದರೂ ಬರುತ್ತದೆ, ಕೆಲಸವೆಲ್ಲ ಎಡಗೈಯದು. ಅದು ಕೆನ್ನೆಯ ಚರ್ಮವನ್ನು ಎಳೆದು ಹಿಡಿಯದಿದ್ದರೆ ರಕ್ತ ಬಂದೇ ಬರುತ್ತದೆ. ಹುಡುಗನ ಎಡಗೈ ಎಷ್ಟು ಹಗುರವೆಂದರೆ ಊರಿಗೆಲ್ಲ ಜೋರು ಮಾಡುವ ಮಾಂಸದಂಗಡಿಯವನೂ ಆ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ.

ಕಾಲೇಜಿನಲ್ಲಿ ಮೇಡಂ ಒಂದು ಕಥೆ ಓದಿಸಿದರು. ಒಂದೇ ಕೋಣೆಯಲ್ಲಿ ಬಾಳಿದ ಇಬ್ಬರು ಗಂಡಸರ ಕಥೆ. ಒಬ್ಬ ಕಾಯಿಲೆ ಬಿದ್ದಾಗ ಇನ್ನೊಬ್ಬ ಅವನ ಗಡ್ಡ ತೆಗೆಯುತ್ತಾನೆ. ಗಟ್ಟಿ ಸ್ನೇಹ, ತ್ಯಾಗ ಎಂದೆಲ್ಲ ಹುಡುಗರು ಪರೀಕ್ಷೆಗೆ ಬರೆಯುವ ಹಾಗೆ ಒದರಿದರು. ಬೆಣ್ಣೆಗೈ ಎದ್ದು ನಿಂತ.

"ಅಲ್ಲ ಮೇಡಂ. ಗಡ್ಡ ಮುಗಿದ್ಮೇಲೂ ಅವನು ಕೈ ತೆಗೀತಿಲ್ಲ ನೋಡಿ. ಸ್ನೇಹಿತನ ಕೆನ್ನೆ ಮೇಲೆ ಕೈ ಹಾಗೆ ನಿಲ್ಲಲ್ಲ. ಅದು ಪ್ರೀತಿ."

"ನಿಂಗ್ಹೇಗೋ ಗೊತ್ತು?" ಹಿಂದಿನ ಬೆಂಚಿನಿಂದ ಕೀಟಲೆ.

ಅಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನಿಗೆ ಆ ಕ್ಷಣ ಸಾಕಾಗಿ ಹೋಯಿತು.

"ನಾನೂ ಅಂಥವನೇ ಕಣೋ. ಅದಕ್ಕೇ ಗೊತ್ತು."

ಮೇಡಂ ಮೆಚ್ಚಿಕೊಂಡರು. ಮೆಚ್ಚಿಕೊಂಡು ಮನೆಗೆ ಹೋದರು. ಮಾತು ಮಾತ್ರ ಹುಡುಗನಿಗಿಂತ ಮೊದಲು ಸಲೂನು ತಲುಪಿತು.

ಮರುದಿನದಿಂದ ಅವನ ಕುರ್ಚಿ ಖಾಲಿ. ಜನ ಅಪ್ಪನ ಸರದಿಗೆ ಕಾಯುತ್ತ, ಓದಿದ ಪೇಪರನ್ನೇ ಮತ್ತೆ ಓದುತ್ತಿದ್ದರು. ಮಾಂಸದಂಗಡಿಯವನಂತೂ "ಅವನ ಕೈ ಮಾತ್ರ ಬೇಡಪ್ಪ" ಎಂದು ಅವನೆದುರಿಗೇ ಅಂದ. ಆ ಕೈಯಲ್ಲಿ ಕತ್ತಿಯಿದ್ದಾಗ ಹೆದರದ ಶೂರರು ಈಗ ಬೆರಳಿಗೆ ಹೆದರಿದರು! ಅವನು ನೆಲ ಗುಡಿಸಿದ, ಕನ್ನಡಿ ಒರೆಸಿದ, ಎಡಗೈಯನ್ನು ಜೇಬಿನೊಳಗೇ ಇಟ್ಟುಕೊಳ್ಳಲು ಕಲಿತ. ಅಪ್ಪನೂ ಬೇಡವೆಂದರೆ ಎಲ್ಲಿಗೆ ಹೋಗಲಿ ಎಂಬ ಒಂದೇ ಯೋಚನೆ ಅವನನ್ನು ತಿನ್ನುತ್ತಿತ್ತು. ಕೇಳೋಣವೆಂದರೆ ಅಪ್ಪ ಮನೆಯಲ್ಲಿ ಉಂಡ ಕೂಡಲೇ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದ.

ಒಂದು ಭಾನುವಾರ, ಬೆಂಚಿನ ತುಂಬ ಜನರಿದ್ದಾಗ, ಅಪ್ಪ ಹೋಗಿ ಮಗನ ಕುರ್ಚಿಯಲ್ಲಿ ಕೂತ. ಕುತ್ತಿಗೆಗೆ ತಾನೇ ಬಟ್ಟೆ ಸುತ್ತಿಕೊಂಡ.

"ಬಾರೋ, ನಂಗೆ ಶೇವಿಂಗ್ ಮಾಡು."

ಮಗ ಪೊರಕೆ ಕೆಳಗಿಟ್ಟು ಬಂದ. ನೊರೆ ಹಚ್ಚಿದ, ಕತ್ತಿ ಹಿಡಿದ. ಎಡಗೈ ಮಾತ್ರ ಜೇಬಿನಿಂದ ಹೊರಗೆ ಬರಲಿಲ್ಲ. ಒಂದೇ ಕೈಯಲ್ಲಿ ಹೆರೆದ. ಸಡಿಲ ಚರ್ಮಕ್ಕೆ ಕತ್ತಿ ತಾಗಿ ನೊರೆ ಕೆಂಪಾಯಿತು.

"ಎಡಗೈ ಎಲ್ಲೋ?" ಅಪ್ಪ ಗದರಿದ. "ಕಲಿಸಿದ್ದೆಲ್ಲ ಮರೆತ್ಯಾ?"

"ಅಪ್ಪಾ... ಮುಟ್ಲಾ?"

"ಮುಟ್ಟೋ. ನಾನು ನಿನ್ನ ಅಪ್ಪ ಕಣೋ."

ಬೆಂಚಿನವರು ತಲೆ ತಗ್ಗಿಸಿದರು. ಮಗ ಎರಡು ಬೆರಳನ್ನು ಮೆಲ್ಲಗೆ ಕೆನ್ನೆಯ ಮೇಲಿಟ್ಟ. ಕೆನ್ನೆ ಒಂದು ಕೂದಲೆಳೆಯಷ್ಟು ಹಿಂದೆ ಸರಿಯಿತು.

ಅಪ್ಪನಿಗೆ ಅದು ಗೊತ್ತೇ ಆಗಲಿಲ್ಲ. ಮಗನಿಗಾಗಿ ಊರನ್ನೇ ಎದುರು ಹಾಕಿಕೊಂಡೆನೆಂಬ ಸಮಾಧಾನದಲ್ಲಿ ಅವನು ಕಣ್ಣು ಮುಚ್ಚಿ ಕೂತಿದ್ದ. ಮಗನ ಬೆರಳಿಗೆ ಗೊತ್ತಾಯಿತು. ಗಡ್ಡ ಮುಗಿದ ಕೂಡಲೇ ಅವನು ಕೈ ತೆಗೆದುಬಿಟ್ಟ.