ಎಕ್ಸ್‌ರೇ ಅಕ್ಕ ಪಂಪ್ ಕೊಂಡದ್ದು

ಷರಟು ಹೊಲಿಯುವ ಕಾರ್ಖಾನೆಯ ಹೆಂಗಸರ ಗೇಟಿನಲ್ಲಿ ತಪಾಸಣೆ ಮಾಡಲು ನಿಲ್ಲುತ್ತಿದ್ದವಳಿಗೆ ಎಕ್ಸ್‌ರೇ ಅಕ್ಕ ಎಂದೇ ಹೆಸರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಬರೀ ಎಕ್ಸ್‌ರೇ. ಸಂಜೆ ಕೆಲಸ ಬಿಟ್ಟ ಮೇಲೆ ಹೆಂಗಸರೆಲ್ಲ ಸಾಲಾಗಿ ನಿಂತು, ಒಬ್ಬೊಬ್ಬರೇ ಅವಳ ಹಲಗೆಗೂಡಿನೊಳಗೆ ಹೋಗಿ ಪರದೆಯ ಹಿಂದೆ ಕೈ ಎತ್ತಿ ನಿಲ್ಲಬೇಕು. ಅವಳ ಕೈ ಭುಜದಿಂದ ಪಾದದವರೆಗೆ ಸರಸರ ಇಳಿಯುತ್ತಿತ್ತು. ಬಟ್ಟೆಯ ತುಂಡು, ಗುಂಡಿಯ ಪೊಟ್ಟಣ, ದಾರದ ಉಂಡೆ, ಒಮ್ಮೆ ಯಾರೋ ಹೊಟ್ಟೆಗೆ ಸುತ್ತಿಕೊಂಡಿದ್ದ ಇಡೀ ಮೂರು ಷರಟು, ಯಾವುದೂ ಆ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ.

ಹತ್ತಿರ ಹತ್ತಿರ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ಮಾಡಿ ಅನುಮಾನ ಅವಳ ರಕ್ತಕ್ಕೇ ಇಳಿದಿತ್ತು. ತರಕಾರಿಯವನು ತಾನಾಗಿ ಒಂದು ಈರುಳ್ಳಿ ಹೆಚ್ಚಿಗೆ ಹಾಕಿದರೆ, ತಳದಲ್ಲಿರುವುದು ಕೊಳೆತಿರಬೇಕು ಎಂದು ಚೀಲವನ್ನೇ ಬುಡಮೇಲು ಮಾಡಿ ನೋಡುವಳು. ಪಕ್ಕದ ಮನೆಯವಳು ನಗುನಗುತ್ತ ಮಾತಾಡಿಸಿದರೆ, ಏನೋ ಕೇಳುವುದಕ್ಕೇ ಬಂದಿದ್ದಾಳೆ ಎಂದು ಮೊದಲೇ 'ಇಲ್ಲ' ಅನ್ನುವುದನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಳ್ಳುವಳು. ಮನೆಗಳಿಗೆ ಬಣ್ಣ ಬಳಿಯುವ ಅವಳ ಗಂಡ, "ಮದುವೆ ದಿನ ನನ್ನ ಜೇಬನ್ನೂ ತಡವಿ ನೋಡಿದ್ಲು ಕಣ್ರಪ್ಪಾ" ಎಂದು ಜೊತೆಗಾರರನ್ನು ನಗಿಸುತ್ತಿದ್ದ. ಅವಳು ಮಾತ್ರ ನಗುತ್ತಿರಲಿಲ್ಲ. "ಬೆಳ್ಳಗಿರೋದೆಲ್ಲಾ ಹಾಲಲ್ಲ. ನಂಬಿ ಕೆಟ್ಟೋರನ್ನ ದಿನಾ ನೋಡ್ತೀನಿ ನಾನು" ಎನ್ನುವಳು.

ಇಂಥವಳ ಕೈಗೆ ಒಂದು ಸಂಜೆ ಕಾಲರ್ ಹುಡುಗಿ ಸಿಕ್ಕಳು. ಹೊಸದಾಗಿ ಸೇರಿ ಎರಡು ವಾರವೂ ಆಗಿರಲಿಲ್ಲ. ಷರಟಿಗೆ ಕಾಲರ್ ಕೂರಿಸುವ ಮೆಷಿನ್ನಿನಲ್ಲಿ ಕೂರುತ್ತಿದ್ದರಿಂದ ಎಲ್ಲರಿಗೂ ಅವಳು ಕಾಲರ್ ಹುಡುಗಿ. ಆ ಸೆಕೆಯಲ್ಲೂ ಶಾಲನ್ನು ಎದೆಗೆ ಬಿಗಿದು ಹಿಡಿದುಕೊಂಡು, ನೆಲ ನೋಡುತ್ತ ಒಳಗೆ ಬಂದಳು. ಎಕ್ಸ್‌ರೇ ಅಕ್ಕನ ಕಿವಿ ನೆಟ್ಟಗಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಎಷ್ಟು ಜನರನ್ನು ಕಂಡಿಲ್ಲ!

"ಶಾಲು ತೆಗಿ."

"ಅಕ್ಕಾ, ಇವತ್ತೊಂದಿನ ಬಿಟ್ಬಿಡಿ..."

ಅಷ್ಟು ಸಾಕಾಯಿತು. ಶಾಲು ಎಳೆದು ಎದೆಯ ಮೇಲೆ ಕೈಯಿಟ್ಟಳು. ಕಲ್ಲಿನಂತೆ ಗಟ್ಟಿ. ಒಳಗೆ ಬಟ್ಟೆ ತುರುಕಿಕೊಂಡಿದ್ದಾಳೆ ಎಂದು ಒತ್ತಿದಳು. ಹುಡುಗಿ "ಅಮ್ಮಾ!" ಎಂದು ಚೀರಿ ಹಲಗೆಗೆ ಒರಗಿದಳು. ಎಕ್ಸ್‌ರೇ ಅಕ್ಕನ ಅಂಗೈ ಒದ್ದೆಯಾಗಿತ್ತು. ಮೂಸಿ ನೋಡಿದಳು.

"ಹಾಲಕ್ಕಾ," ಹುಡುಗಿ ಬಿಕ್ಕಿದಳು. "ಬೆಳಿಗ್ಗೆಯಿಂದ ಕಟ್ಕೊಂಡಿದೆ."

ಹೊರಗೆ ಸಾಲಿನಲ್ಲಿದ್ದವರು ಗುಸುಗುಸು ಶುರು ಮಾಡಿದ್ದರು. ಎಕ್ಸ್‌ರೇ ಅಕ್ಕ ಶಾಲು ಹೊದಿಸಿ ಕಳುಹಿಸಿದಳು. ಆದರೆ ತಲೆಯೊಳಗೆ ಹೊಕ್ಕ ಹುಳ ಸುಮ್ಮನಿರಬೇಕಲ್ಲ. ಕೈಗೂಸು ಇರುವವರನ್ನು ಈ ಕಾರ್ಖಾನೆಯಲ್ಲಿ ಸೇರಿಸಿಕೊಳ್ಳುವುದೇ ಇಲ್ಲ; ಇವಳು ಹೇಗೆ ಸೇರಿದಳು? ಮಗು ಇದೆಯೋ ಇಲ್ಲವೋ? ಇದ್ದರೆ ಎಲ್ಲಿದೆ? ಮರುದಿನ ಊಟದ ಹೊತ್ತಿನಲ್ಲಿ ಕಕ್ಕಸಿನ ಕಡೆ ಹೋದಾಗ, ಕಾಲರ್ ಹುಡುಗಿ ಕೈತೊಳೆಯುವ ತೊಟ್ಟಿಗೆ ಬಾಗಿ ಹಲ್ಲು ಕಚ್ಚಿಕೊಂಡು ಹಾಲು ಹಿಂಡಿ ಚೆಲ್ಲುತ್ತಿದ್ದುದು ಕಾಣಿಸಿತು. ಆದರೂ ಅವಳ ಸಂಶಯ ತೀರಲಿಲ್ಲ. ರಜೆಯ ದಿನ, ದಾರಿಯಲ್ಲಿ ಬಿದ್ದಿದ್ದ ಯಾರದೋ ಕೂದಲ ಕ್ಲಿಪ್ಪೊಂದನ್ನು ನೆಪ ಮಾಡಿಕೊಂಡು ಹುಡುಗಿಯ ಮನೆ ಹುಡುಕಿಕೊಂಡೇ ಹೋದಳು.

ಬಾಗಿಲು ತೆರೆದದ್ದು ಹುಡುಗಿಯ ಅತ್ತೆ. ಆ ಮುದುಕಿ ಎಕ್ಸ್‌ರೇ ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದ ನೋಟ ನೋಡಿದರೆ, ಅವಳನ್ನೂ ಯಾವುದಾದರೂ ಗೇಟಿನಲ್ಲಿ ತಪಾಸಣೆ ಮಾಡಲು ನಿಲ್ಲಿಸಬಹುದಿತ್ತು. ಒಳಗೆ ಒಂದೇ ಕೋಣೆ. ಒಣಗಲು ಹಾಕಿದ ಮಗುವಿನ ಬಟ್ಟೆಗಳ ಕೆಳಗೆ ನಾಲ್ಕು ತಿಂಗಳ ಹೆಣ್ಣುಮಗು ಬಾಟಲಿಯನ್ನು ನಾಲಿಗೆಯಿಂದ ತಳ್ಳಿ ತಳ್ಳಿ ಅಳುತ್ತಿತ್ತು.

"ಪುಡಿ ಹಾಲು ಮುಟ್ಟಲ್ಲ ಇದು," ಅತ್ತೆ ಹೇಳಿದಳು. "ಇವಳಿಗೋ ದಿನ ದಿನಕ್ಕೆ ಹಾಲು ಕಮ್ಮಿ ಆಗ್ತಿದೆ. ಸಂಜೆ ಬಂದು ಕೂತ್ರೆ ಮಗು ಎರಡು ಗುಟುಕು ಕುಡಿದು ಮುಖ ತಿರುಗಿಸ್ಕೊಂಡು ಅಳುತ್ತೆ."

ಹುಡುಗಿ ಮೂಲೆಯಲ್ಲಿ ಬಿಳಿಚಿಕೊಂಡು ನಿಂತಿದ್ದಳು. ಮಗುವಿಲ್ಲ ಎಂದು ಸುಳ್ಳು ಹೇಳಿ ಕೆಲಸಕ್ಕೆ ಸೇರಿದವಳು. ಈಗ ಗೇಟಿನವಳೇ ಮನೆಗೆ ಬಂದಿದ್ದಾಳೆ. ಕೆಲಸ ಹೋಯಿತು ಎಂದೇ ಅವಳು ತಿಳಿದಳು. ಎಕ್ಸ್‌ರೇ ಅಕ್ಕ ಕ್ಲಿಪ್ಪನ್ನು ಕಿಟಕಿಯ ಮೇಲಿಟ್ಟು, ಕೊಟ್ಟ ನೀರನ್ನೂ ಕುಡಿಯದೆ ಹೊರಟುಬಂದಳು.

ಮಾರನೆಯ ದಿನ ಅವಳು ಬಾಯಿಬಿಟ್ಟದ್ದು ಒಬ್ಬರ ಮುಂದೆ ಮಾತ್ರ, ಕ್ಯಾಂಟೀನಿನ ಅಡುಗೆಯವಳ ಮುಂದೆ. ಅದೂ ಹೆಸರು ಹೇಳದೆ. "ಎದೆಹಾಲು ಹಿಂಡೋ ಪಂಪ್ ಬರುತ್ತಂತಲ್ಲ?" ಅಡುಗೆಯವಳು ಕೂಡಲೇ, "ನನ್ನ ಮಗಳದ್ದೇ ಇದೆ, ಅಟ್ಟದ ಮೇಲೆ ಬಿದ್ದಿದೆ, ತಗೊಂಡ್ಹೋಗು" ಎಂದು ತಂದುಕೊಟ್ಟಳು. ಎಕ್ಸ್‌ರೇ ಅಕ್ಕ ಅದನ್ನು ಬೆಳಕಿಗೆ ಹಿಡಿದಳು. ಸಣ್ಣ ಕೊಳವೆಯ ಒಳಗೆ ಬೆಳ್ಳಗೆ ಏನೋ ಒಣಗಿ ಹೆಕ್ಕಳಿಕೆ ಕಟ್ಟಿತ್ತು. ಮೂಸಿದರೆ ಹುಳಿ ನಾತ.

"ಒಬ್ಬರು ಹಲ್ಲುಜ್ಜಿದ ಬ್ರಷ್ಷು ಇನ್ನೊಬ್ಬರ ಬಾಯಿಗೆ ಹಾಕ್ತಾರಾ?" ಎಂದು ವಾಪಸು ಕೊಟ್ಟಳು. ಅಡುಗೆಯವಳು ಮೂಗು ಮುರಿದಳು. ಆಮೇಲೆ ಎಷ್ಟೋ ದಿನ ಎಕ್ಸ್‌ರೇ ಅಕ್ಕನ ತಟ್ಟೆಗೆ ಸಾರು ಬೀಳುತ್ತಿದ್ದುದು ಮೇಲಿನ ತಿಳಿ ಮಾತ್ರ.

ಕೊನೆಗೆ ಅವಳೇ ಮಕ್ಕಳ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯವನು ಬೋಳುತಲೆಯ, ಜೇನು ಸುರಿಯುವ ಮಾತಿನವನು.

"ಬನ್ನಿ ಅಮ್ಮಾ. ಮಗಳಿಗಾ, ಸೊಸೆಗಾ?"

"ಯಾರಿಗಾದ್ರೆ ನಿಂಗೇನು? ಸಾಮಾನು ತೋರ್ಸು."

ಅವನು ಎಲ್ಲಕ್ಕಿಂತ ದೊಡ್ಡ ಡಬ್ಬಿಯನ್ನೇ ಮೊದಲು ಇಳಿಸಿದ. ಎರಡೂ ಕಡೆ ಒಟ್ಟಿಗೆ ಹಿಂಡುವಂಥದ್ದು, ದೀಪಗಳು ಬೇರೆ. "ಇದನ್ನೇ ಎಲ್ಲರೂ ತಗೊಂಡು ಹೋಗೋದು."

"ಎಲ್ಲರೂ ತಗೊಂಡು ಹೋಗೋದಾದ್ರೆ ಡಬ್ಬಿ ಮೇಲೆ ಇಷ್ಟು ಧೂಳು ಯಾಕೆ ಕೂತಿದೆ?"

ಅವನು ಅಂಗಿಯ ತೋಳಿನಿಂದಲೇ ಧೂಳು ಒರೆಸಿದ. ಅದಕ್ಕೆ ಗೋಡೆಯ ಕರೆಂಟು ಬೇಕೇ ಬೇಕು ಎಂದು ಗೊತ್ತಾಯಿತು. ಹುಡುಗಿಯನ್ನು ಕೂರಿಸಬೇಕೆಂದಿದ್ದ ಅವಳ ಹಲಗೆಗೂಡಿನಲ್ಲಿ ಇದ್ದದ್ದು ಒಂದು ಬಲ್ಬು ಮಾತ್ರ. ಅದನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೈಯಲ್ಲೇ ಅದುಮುವ ಪಂಪು. ಅದನ್ನು ಅಲ್ಲೇ ನಿಂತು ಅದುಮಿ ಅದುಮಿ ನೋಡಿದಳು, ಬೆರಳು ಸೋತವು. ದಿನವಿಡೀ ಬಟ್ಟೆ ಎಳೆದೆಳೆದು ಕೊಡುವ ಮಣಿಕಟ್ಟಿಗೆ ಊಟದ ಹೊತ್ತಿನಲ್ಲೂ ಇದೇ ಶಿಕ್ಷೆಯೇ? ಅದೂ ಬೇಡ. ಚಾರ್ಜು ಮಾಡಿ ಇಟ್ಟುಕೊಳ್ಳುವಂಥವು ಎರಡು ಉಳಿದವು. "ಎರಡನ್ನೂ ಓಡಿಸು" ಎಂದು ಹೇಳಿ, ಸದ್ದು ಆಚೆಗೆ ಕೇಳುತ್ತದೋ ಎಂದು ತಾನು ಅಂಗಡಿಯ ಹೊರಗೆ ಹೋಗಿ ಬಾಗಿಲ ಹಿಂದೆ ನಿಂತಳು. ಒಂದು, ಹಳೇ ಮಿಕ್ಸಿಯಂತೆ ಗುರ್ರೆಂದಿತು. ಇನ್ನೊಂದರದು ಜೇನುನೊಣದ ಸದ್ದು, ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು.

ಅದನ್ನು ಬಿಚ್ಚಿಸಿದಳು. "ಹಾಲು ಈ ಕೊಳವೆಯೊಳಕ್ಕೆ ಹೋದ್ರೆ? ಮೋಟರಿಗೆ ಹೋದ್ರೆ? ತೊಳೆಯೋದು ಹೇಗೆ?" ಮಧ್ಯೆ ಒಂದು ರಬ್ಬರಿನ ಬಟ್ಟಲಿದೆ, ಹಾಲು ಅದನ್ನು ದಾಟುವುದಿಲ್ಲ ಎಂದು ಅಂಗಡಿಯವನು ತೋರಿಸಿದ. ಅವಳು ಅದಕ್ಕೆ ಉಗುರು ತಾಗಿಸಿ ನೋಡಿದಳು. ಕಡೆಗೆ ಎದೆಗೆ ಕೂರಿಸುವ ಅದರ ಲಾಳಿಕೆಯನ್ನು ತನ್ನ ಮುಂಗೈಯ ಒಳಮೈಗೆ ಇಟ್ಟು ಓಡಿಸಲು ಹೇಳಿದಳು. ಚರ್ಮವನ್ನು ಎಳೆಯಿತು, ಬಿಟ್ಟಿತು. ಎಳೆಯಿತು, ಬಿಟ್ಟಿತು.

"ಸರಿಯಿದೆಯಾ ಅಮ್ಮಾ?"

"ಸೀಲು ಹಾಕಿರೋ ಬೇರೆ ಡಬ್ಬಿ ಕೊಡು. ಇದು ಎಷ್ಟು ಜನದ ಕೈಗೆ ಬಿದ್ದಿದೆಯೋ."

ಪಂಪು ಆರಿಸಿದ್ದೇನೋ ಆಯಿತು. ಕೊಡುವುದೇ ಕಷ್ಟವಾಯಿತು. ಊಟದ ಹೊತ್ತಿನಲ್ಲಿ ಕಾಲರ್ ಹುಡುಗಿಯನ್ನು ಗೂಡಿಗೆ ಕರೆದು ಡಬ್ಬಿ ಮುಂದಿಟ್ಟಾಗ ಅವಳು ಹಾವು ಕಂಡಂತೆ ಹಿಂದೆ ಸರಿದಳು.

"ಬೇಡಕ್ಕ."

"ಯಾಕೆ?"

"ನಿಮಗೆ ನನ್ನಿಂದ ಏನು ಬೇಕು?"

ಎಕ್ಸ್‌ರೇ ಅಕ್ಕ ಬೆಪ್ಪಾದಳು. ಊರವರನ್ನೆಲ್ಲ ತಾನು ಕೇಳುತ್ತಿದ್ದ ಪ್ರಶ್ನೆಯನ್ನು ಈವರೆಗೆ ಯಾರೂ ಅವಳ ಮುಖಕ್ಕೆ ಹಿಡಿದಿರಲಿಲ್ಲ. ಕೋಪ ಬಂತು. ಡಬ್ಬಿ ಎತ್ತಿಕೊಂಡು ಹೋಗಿಬಿಡೋಣ ಅನ್ನಿಸಿತು. ಹುಡುಗಿ ಮುಂದುವರಿಸಿದಳು: "ಇಲ್ಲಿ ಎಲ್ಲರೂ ಹೇಳ್ತಾರೆ, ನೀವು ಒಳ್ಳೇ ಮಾತಾಡಿದ್ರೆ ಅವತ್ತು ಯಾರದ್ದೋ ಕೆಲಸ ಹೋಗುತ್ತೆ ಅಂತ. ನಾನಿದನ್ನ ತಗೊಂಡ ಮೇಲೆ ಸಾಹೇಬರಿಗೆ ಹೇಳ್ತೀರಿ. ಸಾಕ್ಷಿಗೆ ಇದೇ ಆಗುತ್ತೆ."

"ನಿನ್ನ ಮಗು ನೋಡ್ಕೊಂಡು ಬಂದು ಇಷ್ಟು ದಿನ ಆಯ್ತು. ಹೇಳೋಳಾಗಿದ್ರೆ ಯಾವಾಗಲೋ ಹೇಳ್ತಿದ್ದೆ," ಎಂದು ಗದರಿ, ಆಮೇಲೆ ದನಿ ತಗ್ಗಿಸಿದಳು. "ನನ್ನ ಮಗ ಹುಟ್ಟಿದಾಗ ನಾನೂ ಇಲ್ಲೇ ಮೆಷಿನ್ ಮೇಲೆ ಕೂತಿದ್ದೆ. ಹಾಲು ಕಟ್ಕೊಂಡು ಬಾವು ಬಂತು. ಚಳಿಜ್ವರ. ಕೊನೆಗೆ ಕುಯ್ದು ಕೀವು ತೆಗೆದ್ರು. ಆಮೇಲೆ ಹಾಲು ಬರ್ಲೇ ಇಲ್ಲ."

ಹುಡುಗಿ ಅವಳ ಮುಖವನ್ನೇ ದಿಟ್ಟಿಸಿದಳು. "ನಿಮಗೆ ಮಗ ಇದಾನಾ?"

"ಇದಾನೆ. ಲಾರಿ ಓಡಿಸ್ತಾನೆ."

"ಫೋಟೋ ತೋರಿಸಿ."

ಎಕ್ಸ್‌ರೇ ಅಕ್ಕ ಹಲ್ಲು ಕಡಿಯುತ್ತ ಫೋನು ತೆಗೆದು ತೋರಿಸಿದಳು. ಹುಡುಗಿ ಪಟವನ್ನು ದೊಡ್ಡದು ಮಾಡಿ ನೋಡಿದಳು, ಅವಳ ಮೂಗನ್ನೂ ನೋಡಿದಳು. "ಆರೋಗ್ಯ ಕೇಂದ್ರದ ಸಿಸ್ಟರ್ ಸರಿಯಿದೆ ಅಂದ್ರೆ ತಗೋತೀನಿ. ಅದೂ ಅರ್ಧ ದುಡ್ಡು ನೀವು ನನ್ನಿಂದ ತಗೊಂಡ್ರೆ ಮಾತ್ರ" ಎಂದಳು.

ರಜೆಯ ದಿನ ಇಬ್ಬರೂ, ಮಗುವೂ ಸಿಸ್ಟರ್ ಮುಂದೆ ಕೂತರು. ಸಿಸ್ಟರ್ ದಪ್ಪ ಕನ್ನಡಕದ ಹಿರಿಯ ಹೆಂಗಸು. ಡಬ್ಬಿ ಬಿಚ್ಚಿ, ಹಾಲು ತಾಗುವ ಭಾಗಗಳನ್ನೆಲ್ಲ ತೊಳೆದು ಕುದಿಸಿ, ಪರದೆ ಎಳೆದು ಹುಡುಗಿಗೆ ಹಾಕಿ ನೋಡಿದರು. ಹುಡುಗಿ ಮುಖ ಕಿವುಚಿದಳು. ಬಾಟಲಿಗೆ ನಾಲ್ಕು ಹನಿಯೂ ಬೀಳಲಿಲ್ಲ.

"ನಂಗೊತ್ತಿತ್ತು!" ಪರದೆಯ ಈಚೆಯಿಂದ ಎಕ್ಸ್‌ರೇ ಅಕ್ಕ ಸಿಡಿದಳು. "ಆ ಬೋಳುತಲೆಯವನ ನಗು ನೋಡ್ದಾಗಲೇ ಅನ್ಕೊಂಡೆ. ಟೋಪಿ ಹಾಕಿದ್ದಾನೆ."

"ಸುಮ್ನಿರಿ ಸ್ವಲ್ಪ," ಸಿಸ್ಟರ್ ಹೇಳಿದರು. "ಪಂಪ್ ಚೆನ್ನಾಗೇ ಇದೆ. ಈ ಲಾಳಿಕೆ ಇವಳಿಗೆ ದೊಡ್ಡದಾಯ್ತು. ತೊಟ್ಟಿನ ಜೊತೆ ಸುತ್ತಲಿನ ಚರ್ಮಾನೂ ಎಳ್ಕೊಳ್ತಿದೆ, ಅದಕ್ಕೇ ನೋವು. ಜೋರು ಹೆಚ್ಚಿಸಿದ್ರೆ ಹಾಲು ಹೆಚ್ಚು ಬರಲ್ಲ, ಗಾಯ ಆಗುತ್ತೆ ಅಷ್ಟೆ. ಷರಟು ಹೊಲಿಯೋರು ನೀವು. ಎಲ್ಲರ ಕತ್ತಿಗೂ ಒಂದೇ ಕಾಲರ್ ಹಾಕ್ತೀರಾ?"

ಪರದೆಯ ಆಚೆ ಕಾಲರ್ ಹುಡುಗಿ ಕಿಸಕ್ಕನೆ ನಕ್ಕಳು. ಎಕ್ಸ್‌ರೇ ಅಕ್ಕ ಅವಳ ನಗು ಕೇಳಿದ್ದು ಅದೇ ಮೊದಲು.

ಸಿಸ್ಟರ್ ಅಳತೆ ನೋಡಿ ಹೇಳಿದ ಲಾಳಿಕೆಗಾಗಿ ಅವಳು ಮತ್ತೆ ಅಂಗಡಿಗೆ ಹೋದಳು, ಜಗಳಕ್ಕೆ ತಯಾರಾಗಿಯೇ. ಅಂಗಡಿಯವನು ಚಿಕ್ಕ ಲಾಳಿಕೆ ಕೊಟ್ಟ, ಆದರೆ ದೊಡ್ಡದನ್ನು ವಾಪಸು ತೆಗೆದುಕೊಳ್ಳಲು ಸುತರಾಂ ಒಪ್ಪಲಿಲ್ಲ. "ಮೈಗೆ ತಾಗಿದ್ದನ್ನ ತಗೊಳಲ್ಲ ಅಮ್ಮಾ, ಏನೇ ಬೈದ್ರೂ ತಗೊಳಲ್ಲ." ಎಕ್ಸ್‌ರೇ ಅಕ್ಕ ದೊಡ್ಡ ಲಾಳಿಕೆಯನ್ನು ಚೀಲಕ್ಕೆ ಹಾಕಿಕೊಂಡಳು. ಇದನ್ನು ವಾಪಸು ತೆಗೆದುಕೊಂಡಿದ್ದರೆ ನಾಳೆ ಇನ್ಯಾವಳಿಗೋ ಹೊಸದೆಂದು ಮಾರುತ್ತಿದ್ದ. ಅವನ ಬಗ್ಗೆ ಅವಳಿಗೆ ಅಷ್ಟಿಷ್ಟು ನಂಬಿಕೆ ಬಂದದ್ದು ಆಗಲೇ.

ಹಲಗೆಗೂಡನ್ನು ಬಳಸಲು ಯಾರ ಅಪ್ಪಣೆಯನ್ನೂ ಅವಳು ಕೇಳಲಿಲ್ಲ. ಕೇಳಿದರೆ ತಾನೆ ಇಲ್ಲ ಅನ್ನುವುದು? ಊಟದ ಗಂಟೆ ಹೊಡೆದೊಡನೆ ಹುಡುಗಿ ಪರದೆಯ ಹಿಂದೆ ಹೋಗುವಳು. ಎಕ್ಸ್‌ರೇ ಅಕ್ಕ ಮುಂದೆ ಸ್ಟೂಲು ಹಾಕಿಕೊಂಡು ಊಟದ ತಟ್ಟೆ ಹಿಡಿದು ಕೂರುವಳು. ಮೊದಲ ದಿನ ಬಾಟಲಿಯ ತಳ ಮುಚ್ಚುವಷ್ಟು ಬಂತು. "ಇಷ್ಟೇನಾ?" ಎಂದು ಹುಡುಗಿ ಅಳುವಂತಾದಳು. ವಾರ ಕಳೆಯುವಷ್ಟರಲ್ಲಿ ಅರ್ಧ ಬಾಟಲಿ. ಮಂಜುಗಡ್ಡೆ ತುಂಬಿದ ಸಣ್ಣ ಪೆಟ್ಟಿಗೆಯಲ್ಲಿ ಅದು ಸಂಜೆ ಮನೆಗೆ ಹೋಗುತ್ತಿತ್ತು. ಮರುದಿನ ಅತ್ತೆ ಮಗುವಿಗೆ ಕುಡಿಸುವಳು. ಈ ಬಾಟಲಿಯನ್ನು ಮಗು ನಾಲಿಗೆಯಿಂದ ತಳ್ಳಲಿಲ್ಲವಂತೆ.

ಒಂದು ಮಧ್ಯಾಹ್ನ, ಹೊಲಿಗೆಯ ಸಾಲುಗಳನ್ನು ನೋಡಿಕೊಳ್ಳುವ ಫ್ಲೋರ್ ಸಾಹೇಬ ಆ ಕಡೆ ಬಂದ. ಪರದೆ ಎಳೆದಿತ್ತು, ಒಳಗೆ ಜೇನುನೊಣದ ಸದ್ದು.

"ಏನಮ್ಮಾ ಅದು? ಊಟದ ಹೊತ್ತಲ್ಲಿ ಎಂಥ ತಪಾಸಣೆ?"

ಒಳಗೆ ಸದ್ದು ನಿಂತಿತು. ಎಕ್ಸ್‌ರೇ ಅಕ್ಕ ಬಾಯಿಯ ತುತ್ತನ್ನು ನಿಧಾನವಾಗಿ ನುಂಗಿದಳು. "ಒಬ್ಬಳ ಮೇಲೆ ಅನುಮಾನ ಬಂತು ಸಾರ್. ಬಂದ ಮೇಲೆ ಬಿಡೋಕಾಗುತ್ತಾ? ಬಟ್ಟೆ ಬಿಚ್ಚಿಸಿ ನೋಡ್ತಿದೀನಿ. ನೀವು ಇಲ್ಲಿ ನಿಲ್ಬೇಡಿ."

ಸಾಹೇಬ ಕೆಮ್ಮಿ, ಕಿವಿ ಕೆಂಪಗೆ ಮಾಡಿಕೊಂಡು ನಡೆದುಬಿಟ್ಟ. ಅವಳ ಅನುಮಾನವನ್ನು ಅನುಮಾನಿಸುವ ಧೈರ್ಯ ಆ ಕಾರ್ಖಾನೆಯಲ್ಲಿ ಯಾರಿಗೂ ಇರಲಿಲ್ಲ. ಬರಬರುತ್ತ ಕಾಲರ್ ಸಾಲಿನವರಿಗೆಲ್ಲ ಗುಟ್ಟು ಗೊತ್ತಾಯಿತು. ಸಾಹೇಬನಿಗೂ ಗೊತ್ತಾಗಿರಬೇಕು, ಆದರೆ ಅವನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ, ಅವನ ಮನಸ್ಸಿನಲ್ಲೇನಿದೆ ಎಂದು ಎಕ್ಸ್‌ರೇ ಅಕ್ಕ ಬಹಳ ದಿನ ತಲೆ ಕೆಡಿಸಿಕೊಂಡಳು.

ಮಗು ಅನ್ನ ಉಣ್ಣುವಷ್ಟು ದೊಡ್ಡದಾದ ಮೇಲೆ ಕಾಲರ್ ಹುಡುಗಿಗೆ ಮನೆಯ ಹತ್ತಿರದ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಕೊನೆಯ ದಿನ ಸಂಜೆ ಅತ್ತೆ ಮಗುವನ್ನು ಎತ್ತಿಕೊಂಡು ಗೇಟಿಗೆ ಬಂದಿದ್ದಳು.

"ಹೋಗು, ನಿನ್ನ ದೊಡ್ಡಮ್ಮನ ಹತ್ರ ಹೋಗು," ಎಂದಳು ಹುಡುಗಿ.

ದೊಡ್ಡಮ್ಮ ಎಂಬ ಮಾತು ಕೇಳಿ ಎಕ್ಸ್‌ರೇ ಅಕ್ಕ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮುಂದೆ ಚಾಚಿದಳು. ಮಗು ಹುಬ್ಬು ಗಂಟಿಕ್ಕಿ ಆ ಕೈ ನೋಡಿತು, ಮುಖ ನೋಡಿತು, ತಾಯಿಯ ಕಡೆ ತಿರುಗಿ ನೋಡಿತು, ಆಮೇಲೆ ಇಡೀ ಬೀದಿಗೇ ಕೇಳುವಂತೆ ಅಳತೊಡಗಿತು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಎಕ್ಸ್‌ರೇ ಅಕ್ಕನಿಗೆ ಬೇಜಾರಾದ ಹಾಗೆ ಕಾಣಲಿಲ್ಲ.

"ಅಳಲಿ ಬಿಡು," ಎಂದಳು. "ಕೈ ಚಾಚಿದೋರ ಹತ್ರ ಎಲ್ಲ ಹೋಗೋ ಮಗು ಅಲ್ಲ ಇದು. ಚೆನ್ನಾಗಿ ಬೆಳೆಸಿದೀಯ."