ಹಗ್ಗ ಹಿಡಿದಾಕಿ

ಬಂಡೆ ಹತ್ತುವ ಆಟಕ್ಕೆ ಇಬ್ಬರು ಬೇಕು. ಒಬ್ಬರು ಹತ್ತಬೇಕು, ಇನ್ನೊಬ್ಬರು ಕೆಳಗೆ ನಿಂತು ಹಗ್ಗ ಹಿಡಿಯಬೇಕು. ಆರು ವರ್ಷ ನನ್ನ ಹಗ್ಗ ಹಿಡಿದ ಗೆಳತಿಗೆ ಹೋದ ಚಳಿಗಾಲದಲ್ಲಿ ನಾಗಪುರಕ್ಕೆ ವರ್ಗವಾಯಿತು. ಸೋಲಾಪುರದ ಒಂದೇ ವಿಮಾ ಕಚೇರಿಯಲ್ಲಿ ಇಬ್ಬರೂ ಗುಮಾಸ್ತೆಯರು. ಆಕೆ ಮರಾಠಿ, ನಾನು ಕನ್ನಡ, ಇಬ್ಬರೂ ಒಂಟಿ.

ನಮ್ಮ ಬಂಡೆ ಇದ್ದದ್ದು ಅಕ್ಕಲಕೋಟೆಯ ಆಚೆ, ಕುರನೂರ ಅಣೆಕಟ್ಟಿನ ಕೆಳಗೆ ಬೋರಿ ನದಿಗೆ ಬಂದು ಸೇರುವ ಒಂದು ಹಳ್ಳದ ದಂಡೆಯಲ್ಲಿ. ದೊಡ್ಡ ಗುಡ್ಡವೇನಲ್ಲ. ಹಳ್ಳ ಕೊರೆದು ನಿಲ್ಲಿಸಿದ ಕರಿಗಲ್ಲಿನ ಗೋಡೆ, ನಾಲ್ಕು ಮಾಳಿಗೆಯಷ್ಟು ಎತ್ತರ. ಎಂದೋ ಪುಣೆಯಿಂದ ಬಂದ ಒಂದು ಗುಂಪು ಅದಕ್ಕೆ ಬುಡದಿಂದ ತುದಿಯವರೆಗೆ ಉಕ್ಕಿನ ಬೋಲ್ಟು ಕೂಡಿಸಿ ಹೋಗಿತ್ತು. ಹತ್ತುತ್ತ ಹತ್ತುತ್ತ ಒಂದೊಂದು ಬೋಲ್ಟಿಗೂ ಹಗ್ಗ ಸಿಕ್ಕಿಸುತ್ತ ಹೋಗಬೇಕು. ಇಲ್ಲಿಯ ಬಿಸಿಲು ನೋಡಿ ಆ ಗುಂಪು ಮತ್ತೆ ಬರಲಿಲ್ಲ. ಬಂಡೆ ನಮ್ಮಿಬ್ಬರದೇ ಆಯಿತು.

ಗೆಳತಿ ಹೋದಮೇಲೂ ರವಿವಾರ ನಸುಕಿನಲ್ಲಿ ಸ್ಕೂಟರ್ ಹತ್ತಿ ಹೋಗುತ್ತಿದ್ದೆ. ಬ್ಯಾಗಿನಲ್ಲಿ ಹಗ್ಗ ಇರುತ್ತಿತ್ತು, ಬಿಚ್ಚುತ್ತಿರಲಿಲ್ಲ. ನೆಲದಿಂದ ಮೊಳಕಾಲೆತ್ತರದಲ್ಲಿ ಬಂಡೆಗೆ ಅಂಟಿಕೊಂಡು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಸರಿಯುತ್ತಿದ್ದೆ. ಒಂಬತ್ತಕ್ಕೆ ಕಲ್ಲು ಹಂಚಿನಂತೆ ಕಾಯುತ್ತಿತ್ತು, ವಾಪಸ್ ಬರುತ್ತಿದ್ದೆ. ಸೋಮವಾರ ಕಚೇರಿಯಲ್ಲಿ ಬಾಯಿ ಬಿಟ್ಟಾಗ ಶನಿವಾರದಿಂದ ಯಾರ ಜೊತೆಗೂ ಮಾತಾಡಿಲ್ಲ ಎಂಬುದು ನನ್ನ ದನಿಯಿಂದ ನನಗೇ ಗೊತ್ತಾಗುತ್ತಿತ್ತು.

ಆ ಹಳ್ಳದಲ್ಲಿ ಒಬ್ಬ ಹೆಂಗಸು ಆಡು ಮೇಯಿಸುತ್ತಿದ್ದಳು. ಐವತ್ತೈದು ದಾಟಿದಾಕಿ, ತೆಳ್ಳಗೆ ಬಳ್ಳಿಯಂತೆ. ಅವರ ಹೊಲ, ಹೊಲದ ಮನೆ ಎರಡೂ ಹಳ್ಳದ ಮೇಲೇ ಇದ್ದವು. ಆರು ವರ್ಷ ನಮ್ಮನ್ನು ದೂರದಿಂದ ನೋಡಿದ್ದಳು, ಮಾತಾಡಿರಲಿಲ್ಲ. ಮಾರ್ಚಿನ ಒಂದು ಮುಂಜಾನೆ ತಾನಾಗಿ ಹತ್ತಿರ ಬಂದಳು.

"ಬಾಯಾರ, ನಿಮ್ಮ ಜೋಡಿ ಒಬ್ರು ಬರ್ತಿದ್ರಲ್ಲ, ಅವರೆಲ್ರಿ?"

"ನಾಗಪುರಕ್ಕ ಬದ್ಲಿ ಆತ್ರಿ ಮಾವಶಿ."

"ಅದಕ್ಕ ನೀವು ಮ್ಯಾಲ ಹೋಗವಲ್ರಿ?"

"ಹಗ್ಗ ಹಿಡಿಯಾಕ ಯಾರೂ ಇಲ್ರಿ."

ಆಕೆ ಬಂಡೆಯ ತುದಿ ನೋಡಿದಳು. "ಹಗ್ಗ ಹಿಡಿಯಾಕ ಏನ್ ಸಾಲಿ ಕಲಿಬೇಕೇನು? ನಾ ಹಿಡಿತೀನಿ ತಗೋರಿ."

ನಕ್ಕು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಮೂರು ರವಿವಾರ ಕಲಿಸಿದೆ. ಸೀರೆಯ ಕಚ್ಚೆ ಹಾಕಿಸಿ ಅದರ ಮೇಲೆ ಗೆಳತಿ ಬಿಟ್ಟುಹೋಗಿದ್ದ, ಹಗ್ಗ ಸಿಕ್ಕಿಸುವ ಸೊಂಟಪಟ್ಟಿ ಬಿಗಿದೆ. ಹಗ್ಗ ಜೋರಾಗಿ ಜಗ್ಗಿದರೆ ತಾನಾಗಿ ಕಚ್ಚಿ ಹಿಡಿಯುವ ಒಂದು ಸಣ್ಣ ಯಂತ್ರ ಇರುತ್ತದೆ. ಅದನ್ನು ಪಟ್ಟಿಗೆ ಸಿಕ್ಕಿಸಿದೆ. "ಇದ ಹಿಡಿತೈತ್ರಿ, ನಿಮಗ ಭಾರ ಬೀಳಂಗಿಲ್ಲ" ಎಂದೆ. ಗೆಳತಿ ಮತ್ತು ನಾನು ಹಗ್ಗದ ಮಾತನ್ನೆಲ್ಲ ಮರಾಠಿಯಲ್ಲೇ ಆಡುತ್ತಿದ್ದೆವು. ಈಗ ಮೊದಲ ಸಲ ಕನ್ನಡದಲ್ಲಿ ಹುಡುಕಬೇಕಾಯಿತು. ಹುಡುಕಿದ್ದು ಮಾವಶಿಯೇ. "ಸಡ್ಲ ಬಿಡ್ಲ್ಯಾ? ಬಿಗಿ ಮಾಡ್ಲ್ಯಾ?" ಎಂದು ಕೆಳಗಿನಿಂದ ಕೂಗುತ್ತಿದ್ದಳು. ಆ ಎರಡು ಮಾತು ಕೇಳುತ್ತ ಮೇಲೆ ಹೋಗುವುದು ಎಷ್ಟು ಹಿತವಾಗಿತ್ತೆಂದರೆ, ಬೇಡವಾದರೂ "ಬಿಗಿ ಮಾಡ್ರಿ" ಎನ್ನುತ್ತಿದ್ದೆ.

ಏಪ್ರಿಲ್ ತಿಂಗಳೆಲ್ಲ ಹೀಗೆ ಕಳೆಯಿತು. ಹತ್ತಿಳಿದು ಜಾಲಿ ಗಿಡದ ನೆರಳಿನಲ್ಲಿ ಕೂತು ಆಕೆ ತಂದ ಭಕ್ರಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ನಾನು ಶುಕ್ರವಾರದಿಂದಲೇ ರವಿವಾರದ ದಾರಿ ನೋಡತೊಡಗಿದೆ.

ಒಂದು ಮಾತು ಮಾತ್ರ ಆಕೆಗೆ ಹೇಳಿರಲಿಲ್ಲ. ಹತ್ತುವವರು ಹಿಡಿಯುವವರಿಗಿಂತ ಬಹಳ ಭಾರ ಇದ್ದರೆ, ಬಿದ್ದಾಗ ಹಿಡಿದವರು ನೆಲ ಬಿಟ್ಟು ಮೇಲೆ ಹಾರುತ್ತಾರೆ. ಅದಕ್ಕೇ ಅವರನ್ನು ಒಂದು ಗಿಡಕ್ಕೋ ಕಲ್ಲಿಗೋ ಕಟ್ಟಬೇಕು. ನಾನು ಆಕೆಗಿಂತ ಬಹಳ ಭಾರ. ಕಟ್ಟಲಿಲ್ಲ. ಕಟ್ಟಿದರೆ ಯಾಕೆಂದು ಕೇಳುತ್ತಾಳೆ, ಹೇಳಿದರೆ ಅಂಜಿ ಒಲ್ಲೆ ಅನ್ನುತ್ತಾಳೆ, ಇಷ್ಟೇ ನನ್ನ ಲೆಕ್ಕ. ಸಲೀಸಾದ ದಾರಿಯಲ್ಲೇ ಹತ್ತುತ್ತೇನೆ, ಬೀಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮೇ ತಿಂಗಳಲ್ಲಿ ಬಿದ್ದೆ. ಆರೂವರೆಗೇ ಸೆಕೆ ಹತ್ತಿತ್ತು. ಕೊನೆಯ ಬೋಲ್ಟು ಎರಡು ಮೊಳ ದೂರವಿದ್ದಾಗ ಬೆವರಿದ ಬೆರಳು ಜಾರಿತು. ಒಂದಿಷ್ಟು ದೂರ ಕೆಳಗೆ ಬಿದ್ದಮೇಲೆ ಹಗ್ಗ ಜಗ್ಗಿ ನಿಂತಿತು. ಕೆಳಗೆ ನೋಡಿದರೆ ಆಕೆ ನೆಲದ ಮೇಲೆ ಇರಲಿಲ್ಲ. ಎರಡಾಳು ಎತ್ತರದಲ್ಲಿ ಬಂಡೆಗೆ ತಗುಲಿ ತೂಗುತ್ತಿದ್ದಳು. ಎರಡೂ ಕೈಯಿಂದ ಹಗ್ಗ ಹಿಡಿದು, ಕಣ್ಣು ಮುಚ್ಚಿ, "ಬಿಡಂಗಿಲ್ಲ, ಬಿಡಂಗಿಲ್ಲ" ಎನ್ನುತ್ತಿದ್ದಳು.

"ಮಾವಶಿ, ಏನೂ ಆಗಿಲ್ರಿ. ಕಲಿಸಿದಂಗ ಸಾವಕಾಶ ಇಳಸ್ರಿ."

ಆಕೆಗೆ ಕೇಳಿಸುತ್ತಿರಲಿಲ್ಲ. ಎಷ್ಟೋ ಸಲ ಕೂಗಿದ ಮೇಲೆ ಕಣ್ಣು ತೆರೆದಳು. ಇಬ್ಬರೂ ನೆಲ ಮುಟ್ಟಿದಾಗ ಆಕೆಯ ಮೊಳಕಾಲಿನಿಂದ ನೆತ್ತರು ಇಳಿಯುತ್ತಿತ್ತು. ತೊಳೆಯಲು ಹೋದರೆ ನನ್ನ ಕೈ ದೂಡಿ, ಮೊದಲು ನನ್ನ ತೋಳು, ಬೆನ್ನು, ತಲೆ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಚದುರಿದ ಆಡುಗಳನ್ನು ಕೂಡಿಸಿಕೊಂಡು, ಸೊಂಟಪಟ್ಟಿ ಬಿಚ್ಚದೆಯೇ ಕುಂಟುತ್ತ ಹೋದಳು.

ಮುಂದಿನ ಎರಡು ರವಿವಾರ ಬರಲಿಲ್ಲ. ಮೂರನೆಯದಕ್ಕೆ ಅವರ ಮನೆಗೆ ಹೋದೆ. ಹಳ್ಳ ಹತ್ತಿದರೆ ಸಿಗುವ ಮನೆ, ಇಷ್ಟು ದಿನ ಒಮ್ಮೆಯೂ ಹೋಗಿರಲಿಲ್ಲ. ಆಕೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಳಕಾಲು ಇನ್ನೂ ಬಾತಿತ್ತು. ಸೊಸೆಯನ್ನು ಕೂಗಿ ಚಹಾ ಮಾಡಿಸಿದಳು. ಕುಡಿದು ಮುಗಿಸಿದಮೇಲೆ ಅಂದಳು:

"ಯಂತ್ರ ಹಿಡಿತೈತಿ, ಭಾರ ಬೀಳಂಗಿಲ್ಲ ಅಂದಿದ್ರಿ."

"ಹೌದ್ರಿ. ಪೂರಾ ಖರೇ ಹೇಳಲಿಲ್ಲ. ನಿಮ್ಮನ್ನ ಗಿಡಕ್ಕ ಕಟ್ಟಬೇಕಾಗಿತ್ತು. ತಪ್ಪು ನಂದ."

"ನನ್ನ ಕೈಯಾಗ ಒಬ್ಬರ ಜೀವ ಇತ್ತಲ್ಲ ತಂಗಿ. ಕಣ್ಣು ಮುಚ್ಚಿದ್ರ ನೀ ಬೀಳೂದ ಕಾಣತೈತಿ. ಗೊತ್ತಿದ್ದೂ ನನ್ನ ಯಾಕ ನಿಲ್ಲಿಸಿದಿ?"

ಏನೇನೋ ಹೇಳಬಹುದಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಒಬ್ಬಾಕಿನ ಅದೀನಲ್ಲ ಮಾವಶಿ. ಅದಕ್ಕ."

ಆಕೆ ನನ್ನ ಕಡೆ ತಿರುಗಿದಳು. "ಒಬ್ಬಾಕಿ ಇದ್ರ ಮನಿಗಿ ಬಂದು ಕುಂಡ್ರಬೇಕು. ಹಗ್ಗ ಯಾಕ ಕಟ್ಟತಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಕಣ್ಣು ತುಂಬಿ, ಚಹಾದ ಕಪ್ಪು-ಬಸಿ ಕೆಳಗಿಟ್ಟು ಎದ್ದೆ. ಸೊಂಟಪಟ್ಟಿ ಅವರ ಮನೆಯಲ್ಲೇ ಗೂಟಕ್ಕೆ ತೂಗಿತ್ತು. ಆಕೆಯೇ ಮಡಚಿ ನನ್ನ ಕೈಗೆ ಕೊಟ್ಟಳು.

ಜೂನಿನಲ್ಲಿ ಗೆಳತಿ ಫೋನ್ ಮಾಡಿದ್ದಳು. ನಾಗಪುರದಲ್ಲಿ ಹತ್ತುವವರ ದೊಡ್ಡ ಗುಂಪು ಸಿಕ್ಕಿದೆಯಂತೆ, ಬಾ ಎಂದಳು. ಬಿದ್ದ ಸುದ್ದಿ ಆಕೆಗೆ ಹೇಳಲಿಲ್ಲ.

ಈಗಲೂ ಕೆಲವು ರವಿವಾರ ಕುರನೂರಿನ ಕಡೆ ಹೋಗುತ್ತೇನೆ. ಹಳ್ಳಕ್ಕೆ ಇಳಿಯದೆ ನೇರ ಅವರ ಮನೆಗೆ. ಬಿತ್ತನೆಯ ದಿನಗಳು, ಬಾಗಿಲಿಗೆ ಚಿಲಕ ಇರುತ್ತದೆ, ಎಲ್ಲರೂ ಹೊಲದಲ್ಲಿ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತೇನೆ. ಹೋದ ವಾರ ಮಾತ್ರ ದೂರದ ಬದುವಿನಿಂದ ಆಕೆ ಕೈ ಎತ್ತಿ ಏನೋ ಕೂಗಿದಳು. ಗಾಳಿಗೆ ಸರಿಯಾಗಿ ಕೇಳಲಿಲ್ಲ. ನಾನೂ ಕೈ ಎತ್ತಿದೆ.